ಮಳೆಯಲ್ಲಿ ಮೊದಲು ಹತ್ತುವವರು ಸುಜಾತಾ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮಾಣಿಕನಗರದ ರಸ್ತೆಯಲ್ಲಿ ಅಂಗಡಿಗಳ ಶಟರ್ ಎದ್ದಿಲ್ಲ. ಮಠಕ್ಕೆ ಬಂದ ಒಂದಿಬ್ಬರು ಭಕ್ತರು ತಲೆಯ ಮೇಲೆ ಪ್ಲಾಸ್ಟಿಕ್ ಚೀಲ ಹೊದ್ದು ಚಹಾದಂಗಡಿಯ ತಗಡಿನ ಕೆಳಗೆ ನಿಂತಿದ್ದಾರೆ. ಮಳೆ ಸಣ್ಣಗೆ, ಬಿಡದೆ ಬೀಳುತ್ತಿದೆ. ಅವರ ಮುಂದಿನಿಂದಲೇ ಹೆಲ್ಮೆಟ್ ತೊಟ್ಟ ಹೆಂಗಸೊಬ್ಬರು ಹಾದುಹೋಗುತ್ತಾರೆ. ಅವರು ನಿಂತಿರುವುದು ಒಂದೇ ಒಂದು ಗಾಲಿಯ ಮೇಲೆ. ಹಿಡಿಯಲು ಹ್ಯಾಂಡಲ್ ಇಲ್ಲ, ಕೂರಲು ಸೀಟಿಲ್ಲ. ಗಾಲಿಯ ಎರಡೂ ಬದಿಗೆ ಅಂಗೈಯಗಲದ ಎರಡು ಪಾವಟಿಗೆ, ಅದರ ಮೇಲೆ ರಬ್ಬರ್ ಚಪ್ಪಲಿಯ ಎರಡು ಪಾದ. ತುಸು ಮುಂದಕ್ಕೆ ವಾಲಿದರೆ ಓಡುತ್ತದೆ, ಹಿಂದಕ್ಕೆ ವಾಲಿದರೆ ನಿಲ್ಲುತ್ತದೆ. ರಸ್ತೆಯ ತಗ್ಗಿನಲ್ಲಿ ನಿಂತ ಕೆಂಪು ನೀರನ್ನು ಕಂಡು ಎಲ್ಲರೂ ಬಳಸಿ ಹೋಗುತ್ತಾರೆ. ಈಕೆ ಬೇಕೆಂದೇ ಅದರೊಳಗೆ ಇಳಿಯುತ್ತಾರೆ.

ಹಿಂದೆ ಹಳೆಯ ಮೊಪೆಡ್ ಮೇಲೆ ಗಂಡ ಕಪಿಲ. "ಸಾವಕಾಶ! ಸಾವಕಾಶ!" ಎಂದು ಕೂಗುತ್ತಲೇ ಬರುತ್ತಿದ್ದಾರೆ.

"ಅವ್ರಿಗೆ ಹಂಗ ಕೂಗೂದೊಂದು ಚಟ ಆಗ್ಯಾದ್ರಿ," ಎಂದು ಗಾಲಿಯಿಂದ ಇಳಿದ ಸುಜಾತಾ ನಗುತ್ತಾರೆ. ನಗು ಮುಗಿಯುವ ಮೊದಲೇ ಗಾಲಿಯನ್ನು ಅಡ್ಡ ಮಲಗಿಸಿ, ಅದರ ಹೊಟ್ಟೆಯ ಕೆಳಗಿನ ತೂತಿಗೆ ಕಣ್ಣು ಹಚ್ಚಿ ಕುಳಿತಿದ್ದಾರೆ. ಅಲ್ಲಿಂದ ನಾಲ್ಕಾರು ಹನಿ ನೀರು ಉದುರುತ್ತದೆ. "ಬಂತು ನೋಡ್ರಿ. ಹೊರಗ ಬಂತು." ನೀರು ಒಳಗೆ ಹೋಗಿದ್ದಕ್ಕೆ ಚಿಂತೆಯಿಲ್ಲ, ಹೊರಗೆ ಬಂದದ್ದಕ್ಕೆ ಸಮಾಧಾನ. ಆ ಸಮಾಧಾನವೂ ಬಹಳ ಹೊತ್ತು ನಿಲ್ಲುವುದಿಲ್ಲ. ಒರೆಸಿದ್ದನ್ನೇ ಮತ್ತೆ ಒರೆಸುತ್ತಾರೆ, ಕಿವಿ ಹಚ್ಚಿ ಗಾಲಿ ತಿರುಗಿಸುತ್ತಾರೆ, ಎದ್ದು ಆಕಾಶ ನೋಡಿ ಬರುತ್ತಾರೆ.

ಸುಜಾತಾ ಅವರ ನಿಜವಾದ ಕಸುಬು ಬೋರಿನ ಮೋಟರ್ ಕಟ್ಟುವುದು. ಕೊಳವೆಬಾವಿಯಲ್ಲಿ ಸುಟ್ಟುಹೋದ ಮೋಟರನ್ನು ಬಿಚ್ಚಿ, ಕರಿಗಟ್ಟಿದ ತಂತಿ ಕಿತ್ತು, ಹೊಸ ತಂತಿ ಸುತ್ತಿ ಮತ್ತೆ ನೀರಿಗಿಳಿಸುವ ಕೆಲಸ. ಮದುವೆಯಾಗಿ ಬಂದಾಗ ಕಪಿಲ ಬೇರೆಯವರ ಅಂಗಡಿಯಲ್ಲಿ ಕೂಲಿಗಿದ್ದರು. ಸುಟ್ಟ ಮೋಟರುಗಳನ್ನು ಮನೆಗೆ ತರುತ್ತಿದ್ದರು, ತಂತಿ ಕೀಳುವುದು ಸುಜಾತಾ ಅವರ ಪಾಲಿಗೆ ಬರುತ್ತಿತ್ತು. ಕಿತ್ತ ಸುರುಳಿಯನ್ನು ಹಾಗೇ ಎಸೆಯದೆ, ಎಷ್ಟು ಸುತ್ತು, ಯಾವ ಕಡೆಗೆ ತಿರುವು ಎಂದು ನೋಡುತ್ತ ನೋಡುತ್ತ ಕೈಗೆ ಬಂತು. ಈಗ ಇಬ್ಬರದೇ ಸ್ವಂತ ಅಂಗಡಿ. ಕಪಿಲ ಹೊಲಗಳಿಗೆ ಹೋಗಿ ಮೋಟರ್ ಎತ್ತಿ ತರುತ್ತಾರೆ, ಸುಜಾತಾ ಕಟ್ಟುತ್ತಾರೆ. ಬೇಸಿಗೆಯಲ್ಲಿ ದಿನಕ್ಕೆ ನಾಲ್ಕೈದು ಮೋಟರ್ ಬರುತ್ತವೆ, ಮಳೆಗಾಲದಲ್ಲಿ ಒಂದು ಬಂದರೆ ಹೆಚ್ಚು.

"ಮೊದಮೊದಲ ಗಿರಾಕಿಗೋಳು ಒಳಗ ಹಣಿಕಿ ಹಾಕಿ, ಗಂಡಮಕ್ಕಳು ಯಾರೂ ಇಲ್ಲೇನವಾ ಅಂತಿದ್ರು. ಇದ್ದಾರ, ಹೊರಗ ಹೋಗ್ಯಾರ ಅಂತಿದ್ದೆ. ಅವರು ಬರೂದ್ರಾಗ ಮೋಟರ್ ಕಟ್ಟಿ ಮುಗಿಸ್ತಿದ್ದೆ." ಮಾತಾಡುತ್ತಿರುವಾಗಲೂ ಅವರ ಬೆರಳುಗಳು ಸುಮ್ಮನಿರುವುದಿಲ್ಲ. ಸ್ಕ್ರೂ ಹೆಕ್ಕುತ್ತವೆ, ಟೇಪಿನ ತುದಿ ಹುಡುಕುತ್ತವೆ. ಕೂತಲ್ಲಿ ಕೂರುವ ಜೀವ ಇದಲ್ಲ ಎಂದು ಕಪಿಲ ಮದುವೆಯಾದ ವಾರದಲ್ಲೇ ತಿಳಿದುಕೊಂಡರಂತೆ.

ಒಂಟಿ ಗಾಲಿ ಈ ಅಂಗಡಿಗೆ ಬಂದದ್ದು ಹೋದ ವರ್ಷ, ಮುಂಗಾರಿಗೆ ಮೊದಲು. ತಂದವರು ಬಸವಕಲ್ಯಾಣದ ಸಿರಾಜುದ್ದೀನ್. ಅವರಿಗೆ ಬಲಗೈ ಇಲ್ಲ. ಬೇಕರಿಯಲ್ಲಿ ಹಿಟ್ಟು ನಾದುವ ಯಂತ್ರಕ್ಕೆ ಸಿಕ್ಕು ಮಣಿಕಟ್ಟಿನ ಮೇಲಿನವರೆಗೂ ಕತ್ತರಿಸಿ ಹೋಯಿತು. ಗಾಯ ಒಣಗಿದ ಮೇಲೆ ಬೇರೊಂದು ಬೇಕರಿಯ ಪಾವ್ ಹೊತ್ತು, ಬೆಳಗಿನ ಜಾವ ಬಸವಕಲ್ಯಾಣದ ಹೋಟೆಲುಗಳಿಗೆ, ಚಹಾದಂಗಡಿಗಳಿಗೆ ಹಂಚುವ ಕೆಲಸ ಹಿಡಿದರು. ಸ್ಕೂಟರಿನ ಎಕ್ಸಲರೇಟರ್ ಬಲಗೈಗೆ, ಸೈಕಲ್ಲಿಗೆ ಎರಡೂ ಕೈ ಬೇಕು. ಹೀಗಾಗಿ ನಡೆದೇ ಹಂಚುತ್ತಿದ್ದರು. ನಾಷ್ಟಾದ ಹೊತ್ತು ಮೀರಿದ ಮೇಲೆ ಬಂದ ಪಾವನ್ನು ಯಾರು ತೆಗೆದುಕೊಳ್ಳುತ್ತಾರೆ?

ಹೈದರಾಬಾದಿನಲ್ಲಿ ಹಳೆಯ ಎಲೆಕ್ಟ್ರಿಕ್ ಸಾಮಾನು ಮಾರುವ ಅವರ ಭಾವಮೈದುನ ಒಂದು ದಿನ ಈ ಗಾಲಿಯ ವಿಡಿಯೊ ಕಳಿಸಿದ. ಓಡಿಸಲು ಕೈಯೇ ಬೇಡದ ಗಾಡಿ! ಹದಿನೈದು ದಿನ ಬಿದ್ದು, ಎದ್ದು ಸಿರಾಜ್ ಕಲಿತರು. ಬೆನ್ನಿಗೆ ಪಾವಿನ ದೊಡ್ಡ ಚೀಲ, ಕಾಲ ಕೆಳಗೆ ಗಾಲಿ. ಚಳಿಗಾಲ, ಬೇಸಿಗೆ ಚೆನ್ನಾಗಿ ನಡೆಯಿತು. ಒಂದೇ ಭಯ, ಮಳೆ. ಗಾಲಿಯ ಒಳಗೆ ಮೋಟರ್ ಇದೆ, ಬದಿಗೆ ಬ್ಯಾಟರಿ, ಮೇಲೆ ಅದನ್ನೆಲ್ಲ ಆಡಿಸುವ ಬೋರ್ಡು. ಆ ಬೋರ್ಡೇ ಸವಾರನನ್ನು ಬೀಳದಂತೆ ಹಿಡಿದಿರುತ್ತದೆ. ಅದಕ್ಕೆ ನೀರು ತಾಕಿ ಅದು ಕಣ್ಣು ಮುಚ್ಚಿತೆಂದರೆ, ಓಡುತ್ತಿರುವ ಗಾಲಿ ಥಟ್ಟನೆ ಕೈಬಿಡುತ್ತದೆ. ಸವಾರ ಮುಖ ಅಡಿಯಾಗಿ ರಸ್ತೆಗೆ.

"ಬಾವ್ಯಾಗ ಇಳಿಸೋ ಮೋಟರ್ ಮಾಡ್ತಾರ, ಅವ್ರಿಗೆ ಈ ಮಳಿ ಏನ್ ದೊಡ್ಡದು ಅಂತ ಬೇಕರಿ ಸೇಠ್ ಹೇಳಿ ಕಳಿಸಿದ್ರು," ಎನ್ನುತ್ತಾರೆ ಸಿರಾಜ್. ಆ ಬೇಕರಿಯ ಬೋರಿನ ಮೋಟರ್ ಕಟ್ಟಿದ್ದು ಇದೇ ಅಂಗಡಿ.

"ನಂಗೂ ಹಂಗs ಅನಸ್ತು," ಸುಜಾತಾ ಹೇಳುತ್ತಾರೆ. "ನೀರ ಒಳಗ ಹೋಗಬಾರದು ಅಂದ್ರು. ಆತು, ಹೋಗಧಂಗ ಮಾಡೂಣು ಅಂದೆ. ಎಲ್ಲೆಲ್ಲಿ ಸಂದಿ ಅದ, ಅಲ್ಲೆಲ್ಲ ಸಿಲಿಕಾನ್ ಅಂಟು ತುಂಬಿದೆ. ಒಂದು ಇರುವಿ ಹೋಗಾಕ ಜಾಗಾ ಬಿಡಲಿಲ್ಲ. ಬೇಫಿಕರ್ ಇರ್ರಿ ಸಿರಾಜ್ ಭಾಯ್ ಅಂದ್ ಕಳಿಸಿದೆ." ಚಿಂತೆ ಬಿಡಿ ಎಂಬ ಈ ಕೊನೆಯ ಮಾತು ಹೇಳುವಾಗ ಅವರು ಎದುರಿಗಿರುವವರ ಮುಖ ನೋಡುವುದಿಲ್ಲ.

ಮೊದಲ ಮಳೆಗಳಲ್ಲಿ ಏನೂ ಆಗಲಿಲ್ಲ. ಮುಂದೆ ಒಂದು ಬೆಳಗ್ಗೆ ಜೋರು ಮಳೆಯಲ್ಲಿ, ಬಸವಕಲ್ಯಾಣದ ಕೋಟೆಯ ಕಡೆಯ ಇಳಿಜಾರಿನಲ್ಲಿ ಗಾಲಿ ನಿಂತುಹೋಯಿತು. ಸಪ್ಪಳ ಮಾಡಿ ಎಚ್ಚರಿಸಲೂ ಇಲ್ಲ. ಬೀಳುವವನು ಕೈ ಊರುತ್ತಾನೆ. ಸಿರಾಜ್ ಅವರಿಗೆ ಊರಲು ಇದ್ದದ್ದು ಒಂದೇ ಕೈ. ಆ ಎಡಗೈಯ ಮಣಿಕಟ್ಟು ಮುರಿಯಿತು. ನೆನೆದ ಪಾವುಗಳು ರಸ್ತೆಯ ನೀರಿನಲ್ಲಿ ತೇಲಿಹೋದವು.

ಇದ್ದ ಒಂದು ಕೈಗೂ ಪ್ಲಾಸ್ಟರ್ ಬಿತ್ತು. ಹೆಂಡತಿ ರಾಬಿಯಾ ಉಣ್ಣಿಸಬೇಕು, ಅಂಗಿಯ ಗುಂಡಿ ಹಾಕಬೇಕು, ಮುಖ ತೊಳೆಸಬೇಕು. ಮೂರನೆಯ ದಿನ ಆಕೆ ಗಾಲಿಯನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದರು. ಹುಮನಾಬಾದಿನಲ್ಲಿಳಿದು ಆಟೊ ಹಿಡಿದು ಮಾಣಿಕನಗರಕ್ಕೆ ಬಂದರು. ಅಂಗಡಿಯ ಹೊಸ್ತಿಲ ಮೇಲೆ ಗಾಲಿ ಇಟ್ಟರು. ಆ ದಿನ ನಡೆದ ಮಾತನ್ನು ಸುಜಾತಾ, ರಾಬಿಯಾ ಇಬ್ಬರೂ ನನಗೆ ಬೇರೆ ಬೇರೆಯಾಗಿ ಹೇಳಿದ್ದಾರೆ. ಇಬ್ಬರದೂ ತಾಳೆಯಾಗುತ್ತದೆ.

"ನಿಮ್ಮ ಕೈಲೆ ಆಗಲಿಲ್ಲಂದ್ರ ಆಗಂಗಿಲ್ಲ ಅನಬೇಕಿತ್ತು ಅಕ್ಕಾ. ಬೇಫಿಕರ್ ಇರ್ರಿ ಅಂತ ಯಾಕ ಅಂದ್ರಿ?"

ರಾಬಿಯಾ ಗಾಲಿಯನ್ನು ಹೊಸ್ತಿಲಿನಿಂದ ಒಳಕ್ಕೆ ತಳ್ಳಿದರು.

"ಇದು ನಿಮ್ಮಲ್ಲೇ ಇರ್ಲಿ. ಅವರು ಬಂದ್ ಕೇಳಿದ್ರೂ ಕೊಡಬ್ಯಾಡ್ರಿ. ನಿಮ್ಮ ಮಕ್ಕಳ ಆಣಿ ಅದ."

ಚಹಾ ಕುಡಿದು ಹೋಗಿ ಎಂದು ಕಪಿಲ ಕರೆದರು. ರಾಬಿಯಾ ಕುಡಿಯಲಿಲ್ಲ.

ಮರುದಿನ ಸುಜಾತಾ ಗಾಲಿಯನ್ನು ಬಿಚ್ಚಿದರು. ಹಚ್ಚಿದ ಸಿಲಿಕಾನ್ ಎಲ್ಲೂ ಬಿರಿದಿರಲಿಲ್ಲ, ಎಲ್ಲೂ ಎದ್ದಿರಲಿಲ್ಲ. ಆದರೆ ಒಳಗೆ ಬೋರ್ಡಿನ ತಳದಲ್ಲಿ ನೀರು ನಿಂತಿತ್ತು, ತಾಮ್ರಕ್ಕೆ ಹಸಿರು ಹತ್ತಿತ್ತು. ಎಲ್ಲಿಂದ ಬಂತು? "ಅದೊಂದು ಮಾತು ನನ್ನ ತಿಂದ್ ಹಾಕ್ತು ನೋಡ್ರಿ. ರೊಟ್ಟಿ ಬಡಿಯಾಕ ಕುಂತ್ರೂ ಅದs, ಕಾಯಿಲ್ ಸುತ್ತಾಕ ಕುಂತ್ರೂ ಅದs. ಒಂದು ಮೋಟರ್ ಉಲ್ಟಾ ಕಟ್ಟಿಬಿಟ್ಟೆ. ಇಷ್ಟು ವರ್ಷದಾಗ ಹಂಗ ಎಂದೂ ಆಗಿದ್ದಿಲ್ಲ." ಮಳೆ ಶುರುವಾದರೆ ಅಂಗಡಿಯಿಂದ ಹೊರಗೆ, ಹೊರಗಿನಿಂದ ಒಳಗೆ ಓಡಾಡುತ್ತಿದ್ದರಂತೆ. ಸಿರಾಜ್ ಅವರನ್ನು ನೋಡಲು ಬಸವಕಲ್ಯಾಣಕ್ಕೆಂದು ಎರಡು ಸಲ ಬಸ್‌ಸ್ಟ್ಯಾಂಡಿನವರೆಗೆ ಹೋಗಿ, ಬಸ್ಸು ಹತ್ತದೆ ತಿರುಗಿ ಬಂದರು.

ಒಂದು ಮಧ್ಯಾಹ್ನ ಕಟ್ಟಿ ಮುಗಿಸಿದ ಬೋರಿನ ಮೋಟರಿಗೆ ನೀರು ತುಂಬುತ್ತಿದ್ದರು. ಈ ಮೋಟರುಗಳನ್ನು ಬಾವಿಗೆ ಇಳಿಸುವ ಮೊದಲೇ ಅವುಗಳ ಹೊಟ್ಟೆಗೆ ಶುದ್ಧ ನೀರು ತುಂಬಬೇಕು. ಒಳಗಿನ ತಂತಿ ನೀರಿನಲ್ಲೇ ಇದ್ದು ಓಡುತ್ತದೆ. ತಂತಿಯ ಮೈಗೇ ಹೊದಿಕೆ, ಜೋಡಣೆಗೇ ಕವಚ. ನೀರು ಸುತ್ತಲೂ ಇದ್ದರೂ ಅದಕ್ಕೆ ಬಾಧೆಯಿಲ್ಲ.

"ನೀರ ಹಾಕಾಕತ್ತಿದ್ದೆ. ಹಂಗs ಕೈ ನಿಂತು ಬಿಡ್ತು. ಅಲ್ಲ, ನಾ ದಿನಾ ಮಾಡೂದೇನು, ಆ ಗಾಲಿಗೆ ಮಾಡಿದ್ದೇನು? ನಮ್ಮ ಮೋಟರಿಗೆ ನಾವು ನೀರ ತಡಿಯಂಗೇ ಇಲ್ಲ. ನೀರಾಗ ಇದ್ದು ಬದುಕಂಗ ಮಾಡ್ತೀವಿ. ಗಾಲಿಗೆ ಮಾತ್ರ ಬಾಗಿಲಾ ಬಡದು ಕುಂಡ್ರಿಸಿದ್ದೆ. ಓಡಿ ಓಡಿ ಬಿಸಿ ಆಗ್ತದ, ಮ್ಯಾಲಿಂದ ತಣ್ಣನ ಮಳಿ. ಒಳಗಿನ ಗಾಳಿ ಕುಗ್ಗತದ, ಹೊರಗಿಂದ ಎಳಕೊಂತದ. ವೈರಿನ ರಬ್ಬರ್ ಒಳಗಿಂದ ಹನಿ ಹನಿ ಎಳಕೊಂಡದ. ಬಂದ ನೀರಿಗೆ ಹೋಗಾಕ ದಾರಿನs ಇಲ್ಲ."

ಎರಡನೆಯ ಸಲದ ಕೆಲಸ ಮೊದಲಿನದಕ್ಕೆ ಪೂರ್ತಿ ಉಲ್ಟಾ. ಬ್ಲೇಡಿನಿಂದ ಸಿಲಿಕಾನ್ ಹೆರೆದು ತೆಗೆದರು. ಹೈದರಾಬಾದಿನಿಂದ ಹೊಸ ಬೋರ್ಡು ತರಿಸಿ, ಅದಕ್ಕೆ ತೆಳುವಾದ ವಾರ್ನಿಷನ್ನು ಕುಂಚದಿಂದ ಎರಡು ಸಲ ಬಳಿದರು. ವೈರಿನ ಜೋಡಣೆಗಳಿಗೆಲ್ಲ ಬಾವಿಯ ಮೋಟರಿಗೆ ಸುತ್ತುವ ಟೇಪು ಸುತ್ತಿದರು. ಬ್ಯಾಟರಿಗೆ ಮಾತ್ರ ನೀರಿನ ಸಹವಾಸ ಆಗದು, ಅದಕ್ಕೆ ಬೇರೆಯೇ ರಬ್ಬರ್ ಚೀಲ. ಬೋರ್ಡಿಗೆ ಹೋಗುವ ವೈರುಗಳನ್ನು ಜೋಕಾಲಿಯಂತೆ ಕೆಳಕ್ಕೆ ಇಳಿಬಿಟ್ಟು ಮತ್ತೆ ಮೇಲಕ್ಕೆ ಒಯ್ದರು. ವೈರಿನ ಗುಂಟ ಇಳಿದ ಹನಿ ಜೋಕಾಲಿಯ ತಳದಲ್ಲೇ ಉದುರಬೇಕು, ಬೋರ್ಡಿನವರೆಗೆ ಏರಬಾರದು. ಕೊನೆಗೆ ಕೆಳಗಡೆ ಎರಡು ತೂತು ಕೊರೆದರು.

"ತೂತು ಹಾಕೂದು ನೋಡಿ ನನ್ನ ಜೀವಾ ಝಲ್ ಅಂತು," ಎನ್ನುತ್ತಾರೆ ಕಪಿಲ. "ಮಳಿಗೆ ಛತ್ರಿ ಕೇಳಿದ್ರ ಈಕಿ ಛತ್ರಿಗೇ ತೂತು ಹಾಕಾಕತ್ತಾಳ ಅಂದೆ."

ಸಿರಾಜ್ ಅವರ ಪ್ಲಾಸ್ಟರ್ ಬಿಚ್ಚಿದ ಮೇಲೆ ಅವರು ನೆಟ್ಟಗೆ ಅಂಗಡಿಗೇ ಬಂದರು. ಹೆಂಡತಿಗೆ ಹೇಳಿರಲಿಲ್ಲ.

"ಗಾಲಿ ಕೊಡ್ರಿ ಅಕ್ಕಾ. ಕೈ ಮುರಕೊಂಡು ಮನ್ಯಾಗ ಕುಂತದ್ದಕ್ಕ ನಾಲ್ಕು ಹೋಟೆಲ್ ಕೈಬಿಟ್ಟು ಹೋದವು. ರಾಬಿಯಾಗ ನಾ ಸಮಝಾಸ್ತೀನಿ."

"ಕೊಡಂಗಿಲ್ಲ ಭಾಯ್."

"ನಿಮ್ಮ ಮ್ಯಾಲ ನನಗ ಭರೋಸಾ ಅದ."

"ನನ್ನ ಮ್ಯಾಲ ನನಗs ಇಲ್ಲ," ಎಂದರು ಸುಜಾತಾ. "ಮೊದಲ ನಾ ಹತ್ತತೀನಿ. ಮಳ್ಯಾಗ ನಾ ಹತ್ತಿ ಇಳಿದ ಮ್ಯಾಲ ಮಾತು."

ಸಿರಾಜ್ ನಕ್ಕರು. ಕಪಿಲ ನಗಲಿಲ್ಲ, ಹೆಂಡತಿಯ ಜಿದ್ದು ಅವರಿಗೆ ಗೊತ್ತು. "ಈ ವಯಸ್ಸಿನಾಗ ಕಾಲು ಮುರಕೊಂಡ್ರ ಕಾಯಿಲ್ ಯಾರು ಸುತ್ತೋರು?" ಎಂದರು. "ಸುತ್ತೂದು ಕೈಲೆ" ಎಂದು ಉತ್ತರ ಬಂತು.

ಸೈಕಲ್ಲನ್ನೂ ತುಳಿದು ಗೊತ್ತಿಲ್ಲದ ಹೆಂಗಸು ಒಂಟಿ ಗಾಲಿ ಕಲಿಯಲು ನಿಂತರು. ಅಂಗಡಿಯ ಹಿಂದಿನ ಕಾಂಪೌಂಡ್ ಗೋಡೆಯೇ ಆಸರೆ. ಸೀರೆ ಬಿಟ್ಟು ಮಗಳ ಹಳೆಯ ಚೂಡಿದಾರ ತೊಟ್ಟರು. ಗೋಡೆ ಹಿಡಿದು ಒಂದು ಮಾರು, ಮತ್ತೆ ಧಪ್ಪೆಂದು ನೆಲ. ಮಠದ ಮುಂದಿನ ತೆಂಗಿನಕಾಯಿ ಅಂಗಡಿಯವರು, ಆಟೊದವರು ನೋಡಲು ಬಂದರು, ನಕ್ಕರು. ಮೊಣಕಾಲು ಬಾತು ಎರಡು ದಿನ ಮೆಟ್ಟಿಲು ಹತ್ತಲಾಗಲಿಲ್ಲ. ನಗುತ್ತಿದ್ದ ಆಟೊದವರಲ್ಲೊಬ್ಬ ಒಂದು ದಿನ ತನ್ನ ಹಳೆಯ ಹೆಲ್ಮೆಟ್ ತಂದುಕೊಟ್ಟು ಹೋದ. ಸುಜಾತಾ ಈಗ ತೊಡುವುದು ಅದನ್ನೇ.

"ಬೀಳೂದ್ರಾಗ ಒಂದು ಕಲತೆ ನೋಡ್ರಿ. ಬೀಳುವಾಗ ಎರಡೂ ಕೈ ತಾವs ಮುಂದ ಹೋಗ್ತಾವ. ಪ್ರತಿ ಸಲ ಸಿರಾಜ್ ಭಾಯ್ ನೆನಪಾಗೋರು."

ಗೋಡೆ ಬಿಟ್ಟು ರಸ್ತೆಗೆ ಇಳಿಯುವಷ್ಟರಲ್ಲಿ ಮಳೆಗಾಲ ಮುಗಿಯುತ್ತ ಬಂದಿತ್ತು. ಇನ್ನೇನು ಮಳೆಯೇ ಬಾರದೇನೋ ಎಂಬ ಹೊಸ ಚಡಪಡಿಕೆ ಶುರುವಾಯಿತು. ಕೊನೆಗೆ ಹಸ್ತಾ ಮಳೆ ಕವುಚಿಕೊಂಡು ಬಂದ ದಿನ ಸುಜಾತಾ ಬೇರೆ ಯಾರಿಗೂ ಅಲ್ಲ, ರಾಬಿಯಾ ಅವರಿಗೇ ಫೋನ್ ಮಾಡಿದರು. "ಆಣಿ ಹಾಕಿ ಹೋಗೀರಿ. ಬಿಡಿಸೋರೂ ನೀವs ಆಗ್ಬೇಕು. ಬಂದು ನೋಡ್ರಿ. ಬ್ಯಾಡ ಅಂದ್ರ ಇವತ್ತs ಇದನ್ನ ಬಿಚ್ಚಿ ಗುಜರಿಗೆ ಹಾಕ್ತೀನಿ."

ಗಂಡ ಹೆಂಡತಿ ಇಬ್ಬರೂ ಬಂದರು. ಆಗಲೂ ಮಳೆ ನಿಂತಿರಲಿಲ್ಲ. ಅಂಗಡಿಯ ಮುಂದಿನಿಂದ ಹೊರಟ ಸುಜಾತಾ ಹುಮನಾಬಾದಿನ ಕಡೆಗೆ ಹೋಗಿ, ತಿರುಗಿ ಬಂದು, ಮತ್ತೆ ಹೋದರು. ನೀರು ಮೊಣಕಾಲುದ್ದ ಎಗರುತ್ತಿತ್ತು. ಮೂರನೆಯ ಸಲ ಬರುವಾಗ ನೀರಿನಡಿ ಕಾಣದ ತಗ್ಗೊಂದಕ್ಕೆ ಗಾಲಿ ಧುಮುಕಿತು. ಸುಜಾತಾ ಹಾರಿ ಬಿದ್ದರು.

ಮೊದಲು ಓಡಿದವರು ರಾಬಿಯಾ. ಬುರ್ಖಾ ನೆನೆದು ಕಾಲಿಗೆ ಸುತ್ತಿಕೊಳ್ಳುತ್ತಿದ್ದರೂ ಓಡಿ ಬಂದು ಸುಜಾತಾ ಅವರ ಎರಡೂ ಕೈ ಹಿಡಿದು, ಒಂದೊಂದೇ ಬೆರಳು ಮಡಿಸಿ ಬಿಡಿಸಿ ನೋಡಿದರು. ಮುರಿದಿರಲಿಲ್ಲ. ಆಮೇಲೆ ಪಕ್ಕಕ್ಕೆ ತಿರುಗಿದರು. ಅರ್ಧ ನೀರಿನಲ್ಲಿ ಮುಳುಗಿ ಅಡ್ಡ ಬಿದ್ದಿದ್ದ ಗಾಲಿಯ ದೀಪ ಉರಿಯುತ್ತಲೇ ಇತ್ತು. ಕಪಿಲ ಅದನ್ನೆತ್ತಿ ನೆಟ್ಟಗೆ ನಿಲ್ಲಿಸಿದರು. ಏನೂ ಆಗಿಲ್ಲವೆಂಬಂತೆ ಅದು ಅವರ ಕೈಯಲ್ಲಿ ನಿಂತಿತು.

"ಬಿದ್ದದ್ದು ನೀವು," ಎಂದರು ರಾಬಿಯಾ ನಿಧಾನವಾಗಿ. "ಗಾಲಿ ಅಲ್ಲ."

"ಹೌದ್ರಿ. ನಾನs."

"ಮಕ್ಕಳ ಆಣಿ ವಾಪಸ್ ತಗೊಂಡೆ."

ಅಂದು ರಾಬಿಯಾ ಚಹಾ ಕುಡಿದರು, ಗಂಡನಿಗೆ ಷರತ್ತನ್ನೂ ಹಾಕಿದರು. ಇಳಿಜಾರು ಬಂದರೆ ಇಳಿದು ನಡೆಯಬೇಕು, ಎಡಗೈಗೆ ಯಾವಾಗಲೂ ಗಟ್ಟಿ ಕೈಗವಸು ಇರಬೇಕು. ಸುಜಾತಾ ತಮ್ಮದೊಂದು ಸೇರಿಸಿದರು. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಗಾಲಿಯನ್ನು ತಂದು ಬಿಚ್ಚಿಸಿಕೊಳ್ಳಬೇಕು.

ಈ ವರ್ಷದ ಮುಂಗಾರಿನಲ್ಲಿ ಸಿರಾಜ್ ಒಂದು ದಿನವೂ ಕೆಲಸ ತಪ್ಪಿಸಿಲ್ಲ. ಕೈಬಿಟ್ಟುಹೋದ ನಾಲ್ಕು ಹೋಟೆಲುಗಳಲ್ಲಿ ಎರಡು ಮರಳಿವೆ, ಇನ್ನೆರಡು ಬಂದಿಲ್ಲ. ಬಸವಕಲ್ಯಾಣದಲ್ಲಿ ನಾನು ನೋಡಿದ ದಿನ ಅವರು ಜಿಟಿಜಿಟಿ ಮಳೆಯಲ್ಲಿ ಸಂತೆಪೇಟೆಯ ಸಂದಿಯಿಂದ ನುಸುಳಿ ಬಂದು, ಬೆನ್ನಿನ ಚೀಲವನ್ನು ಹೋಟೆಲಿನ ಕಟ್ಟೆಗೆ ಒರಗಿಸಿ, "ಲಗೂ ತಗೋರಿ, ಇನ್ನಾ ಬಿಸಿ ಅದಾವ" ಎಂದರು. ಮುರಿದು ಕೂಡಿದ ಮಣಿಕಟ್ಟು ಚಳಿಗೆ ನೋಯುತ್ತದೆಯಂತೆ. "ನೋಯ್ಲಿ ಬಿಡ್ರಿ. ನೋಯಾಕ ಒಂದು ಕೈ ಅರ ಅದಲ್ಲ."

ಸುದ್ದಿ ಗಾಲಿಗಿಂತ ಜೋರಾಗಿ ಓಡಿದೆ. ಹೈದರಾಬಾದ್, ಪುಣೆಯ ಕಡೆಯಿಂದ ಹವ್ಯಾಸಕ್ಕೆ ಒಂಟಿ ಗಾಲಿ ಓಡಿಸುವವರು ಕೆಲವರು ಹೆದ್ದಾರಿಯ ಬಸ್ಸುಗಳಲ್ಲಿ ತಮ್ಮ ಗಾಲಿಗಳನ್ನು ಪಾರ್ಸೆಲ್ ಕಳಿಸುತ್ತಾರೆ. ಬೆಳಿಗ್ಗೆ ಸುಜಾತಾ ಓಡಿಸಿದ್ದು ಅಂಥದೇ ಒಂದನ್ನು. ಬಂದ ಗಾಲಿಗಳೆಲ್ಲ ಮಳೆ ಬರುವವರೆಗೆ ಇಲ್ಲೇ ಇರುತ್ತವೆ. ಮೊದಲು ಇವರು ಹತ್ತಿ ಇಳಿಯದೆ ಯಾವ ಗಾಲಿಯೂ ತಿರುಗಿ ಹೋಗುವುದಿಲ್ಲ. ಅರ್ಜೆಂಟ್ ಎಂದವರಿಗೆ ಒಂದೇ ಉತ್ತರ, "ಮಳಿಗೆ ಹೇಳ್ರಿ." ಗ್ಯಾರಂಟಿ ಬರೆದುಕೊಡಿ ಎಂದವರಿಗೆ ಗಾಲಿಯನ್ನು ಬಿಚ್ಚದೆಯೇ ತಿರುಗಿಸಿ ಕಳಿಸಿದ್ದಾರೆ.

"ಬೇಫಿಕರ್ ಅನ್ನೋ ಮಾತು ನಾ ಈಗ ಯಾರಿಗೂ ಅನಂಗಿಲ್ರಿ. ಫಿಕರ್ ಇರ್ಬೇಕು. ನಂಗೂ ಇರ್ಬೇಕು, ಓಡಸೋರಿಗೂ ಇರ್ಬೇಕು."

ಆ ಫಿಕರು ಅವರನ್ನು ಕೂರಲು ಬಿಡುವುದಿಲ್ಲ. ಮಾತಿನ ನಡುವೆ ಎದ್ದು ಬಾಗಿಲಿಗೆ ಹೋಗಿ ಪಡುವಣದ ಕಡೆ, ಬಸವಕಲ್ಯಾಣದ ಮೇಲೆ ಮೋಡ ಎಷ್ಟು ಕಟ್ಟಿದೆ ಎಂದು ನೋಡುತ್ತಾರೆ. ಬಂದು ಕೂರುತ್ತಾರೆ, ಮತ್ತೆ ಏಳುತ್ತಾರೆ. ಅಷ್ಟರಲ್ಲಿ ಕಪಿಲ ಹೊಲವೊಂದರಿಂದ ಸುಟ್ಟ ಮೋಟರ್ ತಂದು ಇಳಿಸುತ್ತಾರೆ. ಸುಜಾತಾ ಅದರ ಬೋಲ್ಟು ಸಡಿಲಿಸತೊಡಗುತ್ತಾರೆ.

ಇನ್ನೇನಾದರೂ ಆಸೆಯಿದೆಯೇ ಎಂದು ಕೇಳುತ್ತೇನೆ. ಅಂಗಡಿ ದೊಡ್ಡದಾಗಲಿ ಎನ್ನಬಹುದು ಎಂದು ನನ್ನ ಎಣಿಕೆ. ಅವರು ಪಾನಾ ಹಿಡಿದ ಕೈಯನ್ನು ಅಲ್ಲೇ ನಿಲ್ಲಿಸಿ ಯೋಚಿಸುತ್ತಾರೆ, ತುಸು ನಾಚುತ್ತಾರೆ.

"ನಂದೂ ಅಂತ ಒಂದು ಗಾಲಿ ಇರ್ಬೇಕ್ರಿ. ಹಳೀದಾದ್ರೂ ನಡಿತದ. ಕೊಡಂಬಲದಾಗ ನಮ್ಮಕ್ಕ ಇದ್ದಾಳ. ಒಂದಿನ ಮಳಿ ಬರುವಾಗ ಹತ್ತಿ ಅಲ್ಲೀತನಾ ಹೋಗ್ಬೇಕು. ತಪಾಸ ಮಾಡಾಕ ಅಲ್ಲ. ನೀರ ಎಲ್ಲಿ ಹೊಂಟದ, ಎಲ್ಲಿ ನಿಂತದ ಅಂತ ಬಗ್ಗಿ ನೋಡಧಂಗ, ಸುಮ್ನ, ತೊಯ್ಕೋತ ಹೋಗ್ಬೇಕು."